ಒಂದೇ ಮಳೆಗೆ ಎರಡು ಮೋಟಾರು

ಜುಲೈ ತಿಂಗಳ ಯಾವುದಾದರೊಂದು ಬೆಳಿಗ್ಗೆ ಮಂಗಳೂರಿನ ನಮ್ಮ ವಸತಿ ಸಮುಚ್ಚಯದ ನೆಲಮಾಳಿಗೆಗೆ ಇಳಿದರೆ ಎರಡು ಮೋಟಾರುಗಳ ಜುಗಲ್‌ಬಂದಿ ಕೇಳಿಸುತ್ತದೆ. ಎಡಗಡೆಯದು ಒಳನುಗ್ಗಿದ ಮಳೆನೀರನ್ನು ಎತ್ತಿ ರಸ್ತೆಯ ಚರಂಡಿಗೆ ಚೆಲ್ಲುತ್ತದೆ. ಬಲಗಡೆಯದು ತುಂಬೆಯ ಕಿಂಡಿ ಅಣೆಕಟ್ಟಿನಿಂದ ಪಂಪುಗಳ ಬಲದಲ್ಲಿ ನಗರಕ್ಕೆ ಬಂದ ನೇತ್ರಾವತಿಯನ್ನು, ಅಂದರೆ ಘಟ್ಟದ ಮೇಲೆ ಸುರಿದ ಇದೇ ಮಳೆಯನ್ನು, ಹತ್ತನೆಯ ಮಹಡಿಯ ಮೇಲಿರುವ ಟಾಂಕಿಗೆ ಏರಿಸುತ್ತದೆ. ಟಾಂಕಿಯ ಮುಚ್ಚಳದ ಮೇಲೆ ಮಳೆ ಧೋ ಎಂದು ಬಡಿಯುತ್ತಿರುತ್ತದೆ. ಒಳಗೆ ಹೋಗಲು ಅದಕ್ಕೆ ಅನುಮತಿಯಿಲ್ಲ.

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ 1,000 ಚದರ ಅಡಿಯ ತಾರಸಿಯೊಂದರ ಮೇಲೆಯೇ 3 ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆಂದು ನಾನು ಸಂಘದ ಸಭೆಯಲ್ಲಿ ಲೆಕ್ಕ ಒಪ್ಪಿಸಿದೆ. ಖಜಾಂಚಿಯವರು ಕನ್ನಡಕ ತೆಗೆದು, "ಮಾರಾಯ್ರೇ, ಕರೆಂಟಿನ ಬಿಲ್ಲು ಬೇರೆ, ನೀರಿನ ಬಿಲ್ಲು ಬೇರೆ. ನೀವು ಎರಡನ್ನೂ ಯಾಕೆ ಕಲಸುವುದು?" ಎಂದರು.

ಅವರನ್ನು ದೂರಿ ಫಲವಿಲ್ಲ, ಆಡಳಿತವೂ ಕಲಸುವುದಿಲ್ಲ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ, ನದಿಯ ಮೇಲ್ಭಾಗದ ನನ್ನ ಭಾವನ ಅಡಿಕೆ ತೋಟದಲ್ಲಿ ಕರೆಂಟು ಬಂದೊಡನೆ ಪಂಪನ್ನು ಚಾಲೂ ಮಾಡುವ ಆಟೋ ಸ್ಟಾರ್ಟರ್ ಅಪರಾತ್ರಿ ತಾನಾಗಿ ಎಚ್ಚೆತ್ತು, ಭಾವ ಏಳುವವರೆಗೂ ನೆನೆದ ಬುಡವನ್ನೇ ನೆನೆಸುತ್ತದೆ. ಬಿಲ್ಲೇ ಬಾರದ ಮೇಲೆ ನಿದ್ದೆಗೆಡುವವರು ಯಾರು? ಅವರ ತಂದೆಯ ಕಾಲದಲ್ಲಿ ಮಳೆಗಾಲ ಮುಗಿಯುತ್ತಲೇ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು; ಸುತ್ತಲಿನ ಬಾವಿಗಳಲ್ಲಿ ನೀರು ನಿಲ್ಲುತ್ತಿತ್ತು. ಪಾಪ, ಕಟ್ಟಕ್ಕೆ ಸ್ವಿಚ್ಚು ಇರಲಿಲ್ಲ.

ನೀರಿಗೂ ಕರೆಂಟಿಗೂ ಸಂಬಂಧವಿದೆಯೆಂಬುದು ನೆನಪಾಗುವುದು ತುಂಬೆಯಲ್ಲಿ ನೀರು ತಳ ಕಾಣತೊಡಗುವ ಬೇಸಿಗೆಯಲ್ಲಿ ಮಾತ್ರ. ಆಗ ನಗರದ ಕುಡಿಯುವ ನೀರನ್ನು ಉಳಿಸಲು ನದಿದಂಡೆಯ ಪಂಪುಗಳ ಕರೆಂಟನ್ನೇ ಕಡಿಯುವ ಮಾತು ಬರುತ್ತದೆ. ನಗರದಲ್ಲಿ ನಾವು ಡೀಸೆಲ್ ಸುಡುವ ಟ್ಯಾಂಕರಿಗೆ ಫೋನು ಮಾಡುತ್ತೇವೆ.

ಗಾಳಿಮಳೆಗೆ ಕರೆಂಟು ಹೋದಾಗ ಎರಡೂ ಮೋಟಾರುಗಳು ಒಟ್ಟಿಗೇ ನಿಲ್ಲುತ್ತವೆಂಬ ಗಂಭೀರ ಸಮಸ್ಯೆಯನ್ನು ಸಂಘವು ಕಳೆದ ಸಭೆಯಲ್ಲಿ ಕೈಗೆತ್ತಿಕೊಂಡು, ದೊಡ್ಡದೊಂದು ಜನರೇಟರ್ ಕೊಳ್ಳುವುದೆಂದು ಸರ್ವಾನುಮತದಿಂದ ತೀರ್ಮಾನಿಸಿತು. ಅದನ್ನು ಎಲ್ಲಿ ಇಡುವುದೆಂಬ ಚರ್ಚೆಯೇ ಒಂದು ಗಂಟೆ ಹಿಡಿಯಿತು. ಕೊನೆಗೆ, ಕಟ್ಟಡದ ನಕ್ಷೆಯಲ್ಲಿ ಮಳೆನೀರಿನ ಇಂಗುಗುಂಡಿಯೆಂದು ತೋರಿಸಿದ್ದ ಮೂಲೆ ಖಾಲಿ ಬಿದ್ದಿರುವುದು ಯಾರಿಗೋ ಹೊಳೆಯಿತು. ಸೋಮವಾರ ಅಲ್ಲಿಗೆ ಕಾಂಕ್ರೀಟು ಹಾಕಲಾಯಿತು.