ಮೈಲೇಜ್ ಬರ್ತಿಲ್ವಾ? ತಪ್ಪು ನಿಮ್ಮದೇ!

ಪೆಟ್ರೋಲಿಗೆ ಕಬ್ಬು, ಧಾನ್ಯದಿಂದ ತೆಗೆಯೋ ಎಥನಾಲ್ ಬೆರೆಸಿದ ಮೇಲೆ ಮೈಲೇಜ್ ಬಿತ್ತು ಅಂತ ಜನ ಗೊಣಗಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಹೇಳಿದ ಬುದ್ಧಿಮಾತು ನೆನಪಿದೆಯಲ್ಲ? ಮೈಲೇಜ್ ಅನ್ನೋದು ನೀವು ಓಡಿಸುವ ರೀತಿ, ಟೈರ್ ಗಾಳಿ, ಏರ್ ಫಿಲ್ಟರ್, ಏಸಿ ಇವುಗಳ ಮೇಲೂ ನಿಂತಿದೆಯಂತೆ. ಎಂಥ ಕಾಳಜಿ! ಮುದ್ದೆಗೆ ಐದರಲ್ಲೊಂದು ಪಾಲು ಮೈದಾ ಕಲಸಿಟ್ಟು, ಮಧ್ಯಾಹ್ನಕ್ಕೇ ಹಸಿವಾಯ್ತು ಅಂದವನಿಗೆ ‘ನಿಂಗೆ ನುಂಗಕ್ಕೆ ಬರಲ್ಲ’ ಅಂದ ಹಾಗಾಯ್ತು.

ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಶೇ 20ರಷ್ಟು ಅದನ್ನೇ ಸುರಿದರೆ ಲೀಟರಿಗೆ ಶೇ 6–7ರಷ್ಟು ಶಕ್ತಿ ಖೋತಾ. ಇ20ಗೆ, ಅಂದ್ರೆ ಈ ಶೇ 20 ಎಥನಾಲ್ ಪೆಟ್ರೋಲಿಗೆ, ಹೊಂದಿಸಿದ ಎಂಜಿನ್ ಅದರ ಹೆಚ್ಚಿನ ಆಕ್ಟೇನ್ (ಎಂಜಿನ್ ಕುಟ್ಟದಂತೆ ತಡೆಯೋ ಗುಣ) ಬಳಸಿಕೊಂಡು ಒಂದಿಷ್ಟು ವಾಪಸ್ ಗಿಟ್ಟಿಸುತ್ತೆ. ಹಳೇ ಕಾರಿಗೆ ಆ ಭಾಗ್ಯವಿಲ್ಲ. ಮೈಲೇಜ್ ಶೇ 5 ಇಳಿದರೂ ತಿಂಗಳಿಗೆ ಐದು ಸಾವಿರ ಸುಡುವವನ ಜೇಬಿಂದ 260 ರೂಪಾಯಿ ಹೆಚ್ಚುವರಿ. ಹಾಗಾದ್ರೆ ಬೆಲೆ ಇಳಿಸಿ ಅಂದರೆ, ಎಥನಾಲೇ ಲೀಟರಿಗೆ ಸರಾಸರಿ 71 ರೂಪಾಯಿ 32 ಪೈಸೆ ಬೀಳ್ತಿದೆ ಅಂತ ಆಗ ಸಚಿವಾಲಯದವರೇ ಅಂದರು. ಶಕ್ತಿ ಕಮ್ಮಿ, ರೇಟು ಅದೇ, ಮಾಮೂಲಿ ನಾಜಲ್‌ನಲ್ಲಿ ಬೇರೆ ಆಯ್ಕೆಯೂ ಇಲ್ಲ. ಕೇಳೋಕೆ ಹೋದವನೇ ಅಪರಾಧಿ. ಸಾಕಾಗಿದೆ ಸ್ವಾಮಿ.

ಮಂಡ್ಯದವರು ಹೆಮ್ಮೆಪಡಬೇಕಂತೆ, ಕಬ್ಬು ದೇಶ ಓಡಿಸ್ತಿದೆ! 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸಾಗಿಸಿದ 14 ದಿನದೊಳಗೆ ರೈತನಿಗೆ ದುಡ್ಡು ಸೇರಬೇಕು, ತಡವಾದರೆ ಶೇ 15 ಬಡ್ಡಿ. ಬಂಕಿನಲ್ಲಿ ಸ್ಕ್ಯಾನ್ ಮಾಡೋಕೆ 14 ಸೆಕೆಂಡ್ ತಡವಾದರೂ ಹಿಂದಿನವನು ಹಾರ್ನ್ ಹೊಡೀತಾನೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರ್ ಹತ್ತೋ ಹಾಗಿಲ್ಲ. ಕಬ್ಬಿನ ಲೋಡು ಸರ್ವಿಸ್ ರಸ್ತೆಯಲ್ಲಿ ತೆವಳಲಿ, ಕಬ್ಬಿನ ರಸ ಕಾರಿನ ಟ್ಯಾಂಕಲ್ಲಿ ಕೂತು ಗಣಂಗೂರಲ್ಲಿ ಟೋಲ್ ಕಟ್ಟಿ ನೂರರಲ್ಲಿ ಹೋಗಲಿ. ಅಂದ ಹಾಗೆ, 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಆದರೆ ಟೋಲ್ ಕೊಟ್ಟು 80ರಲ್ಲಿ ಹೋಗೋ ಮಹಾತ್ಮ ಯಾರು?

ಸರಿ, ಟೈರಿಗೆ ಗಾಳಿ ಹಿಡಿಸೋಣ. ಬಂಕಿನಲ್ಲಿ ಗಾಳಿ ಉಚಿತ, ಆದ್ದರಿಂದಲೇ ‘ಮಿಷನ್ ಕೆಟ್ಟೋಗೈತೆ ಅಣ್ಣ’. ಡ್ರೈವರ್ ಬಾಗಿಲು ತೆಗೆದರೆ ಕಾಣೋ ಸ್ಟಿಕ್ಕರ್‌ನಲ್ಲಿರೋದು ತಣ್ಣಗಿರುವ ಟೈರಿನ ಲೆಕ್ಕ. ಬೆಂಗಳೂರಿಂದ ಕಾದು ಬಂದ ಟೈರು ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸುತ್ತೆ. ಹುಡುಗ ಪುಸ್ಸಂತ ಬಿಡ್ತಾನೆ. ಬೆಳಿಗ್ಗೆ ನೋಡಿದರೆ ಗಾಳಿ ಕಮ್ಮಿ, ಪೆಟ್ರೋಲ್ ಖರ್ಚು ಇನ್ನಷ್ಟು.

ಐನೂರಕ್ಕೆ ಹಾಕಿಸಿದರೆ ಮೋಸ, ಐನೂರ ಹತ್ತಕ್ಕೆ ಇಲ್ಲ ಅನ್ನೋ ವೇದಾಂತಿಗಳೂ ಕ್ಯೂನಲ್ಲಿರ್ತಾರೆ. ಮೀಟರ್ ತಿರುಚೋನಿಗೆ ಆ ಹತ್ತು ರೂಪಾಯಿ ಎದುರಾಗುತ್ತಾ? ಅನುಮಾನ ಇದ್ದರೆ ಸೀಲ್ ಇರುವ ಐದು ಲೀಟರ್ ಅಳತೆ ಪಾತ್ರೆ ಕೇಳಿ. 25 ಮಿಲಿಗಿಂತ ಜಾಸ್ತಿ ಕಮ್ಮಿ ಬಂದರೆ ಜಗಳಕ್ಕೆ ನಿಲ್ಲಿ.

ಡ್ಯಾಶ್‌ಬೋರ್ಡ್ ತೋರಿಸೋ ಮೈಲೇಜ್ ನಂಬಬೇಡಿ. ನಾಜಲ್ ತಾನಾಗಿ ಟಕ್ಕಂತ ನಿಲ್ಲೋವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮತ್ತೆ ಅದೇ ಪಂಪಿನಲ್ಲಿ ಹಾಗೇ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಟಕ್ಕಂದ ಮೇಲೆ ಹುಡುಗ ‘ರೌಂಡ್ ಮಾಡ್ಲಾ ಸಾರ್’ ಅಂತಾನೆ. ಬೇಡ ಅನ್ನಿ: ಮೇಲೆ ತುರುಕಿದ ಪೆಟ್ರೋಲ್, ಆವಿ ಹಿಡಿಯೋ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನ ಕೆಡಿಸಬಹುದು, ಆ ರಿಪೇರಿಗೆ ಯಾವ ಸಚಿವಾಲಯವೂ ದುಡ್ಡು ಕೊಡಲ್ಲ.