ಎಲೆ ಹಾಕದವನನ್ನು ಪಂಕ್ತಿಯಿಂದ ಎಬ್ಬಿಸಿದ್ದು

ರೋಡಮೈನ್-ಬಿ ಎಂಬ ಹೆಸರು ಕೇಳಿದರೆ ಯಾವುದೋ ವಿಟಮಿನ್ ಎನಿಸುತ್ತದೆ. ಥಯಾಮಿನ್‌ನ ದೊಡ್ಡಪ್ಪನ ಮಗನಿರಬೇಕು ಎಂದು ನಾನೂ ನಂಬಿದ್ದೆ. ವಿಚಾರಿಸಿದರೆ ಕುಲಗೋತ್ರವೇ ಬೇರೆ. ಥಾಲಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕಕ್ಕೆ ಇನ್ನೊಂದನ್ನು ಕೂಡಿಸಿ ಕಾಯಿಸಿದರೆ ಹುಟ್ಟುವ ಬಣ್ಣವದು. ಬಾಳಬೇಕಾದದ್ದು ರೇಷ್ಮೆ, ಉಣ್ಣೆ, ಕಾಗದಗಳ ಮೇಲೆ. ನಮ್ಮಲ್ಲಿ ಮಾತ್ರ ಸೀರೆಯ ಸೆರಗು ಬಿಟ್ಟು ಹೂಕೋಸನ್ನು ಕಟ್ಟಿಕೊಂಡಿತು.

ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆಗೆ ಕಳಿಸಿದರೆ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳು ಸಿಕ್ಕವು. ಬಾಂಬೆ ಮಿಠಾಯಿಯ 25ರಲ್ಲಿ 15. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಘೋಷಿಸಿತು: ರೋಡಮೈನ್-ಬಿ ನಿಷೇಧ! ತಪ್ಪಿದರೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ.

ಒಳ್ಳೆಯದೇ. ಆದರೆ ಅದಕ್ಕೆ ಅನುಮತಿ ಕೊಟ್ಟಿದ್ದವರು ಯಾರು? ದೇಶದ ಆಹಾರ ನಿಯಮಗಳು ಒಪ್ಪಿರುವ ಕೃತಕ ಬಣ್ಣಗಳು ಎಂಟೇ ಎಂಟು. ಆ ಪಂಕ್ತಿಯಲ್ಲಿ ಈ ಮಹಾಶಯನಿಗೆ ಯಾರೂ ಎಲೆ ಹಾಕಿರಲೇ ಇಲ್ಲ. ಎಲೆಯಿಲ್ಲದೆಯೇ ಕುಳಿತು ಪಾಯಸದವರೆಗೂ ಉಂಡವನನ್ನು ಕೊನೆಗೆ ರಟ್ಟೆ ಹಿಡಿದು ಎಬ್ಬಿಸಿ, ನೋಡಿ ನಮ್ಮ ಶಿಸ್ತು ಎಂದು ಫೋಟೊ ತೆಗೆಸಿಕೊಂಡಂತಾಯಿತು. ಮೂರು ತಿಂಗಳು ಕಳೆಯಿತು, ಜೂನ್‌ನಲ್ಲಿ ಕಬಾಬ್‌ಗೆ ಬೇರೆಯೇ ಆದೇಶ ಬಂತು. ತಟ್ಟೆಗೊಂದು ನಿಷೇಧ ಎಂದು ಹೊರಟರೆ ಒಂದು ಸರ್ಕಾರದ ಅವಧಿ ಎಲ್ಲಿ ಸಾಲುತ್ತದೆ? ಜಿಲೇಬಿ ಪಾಪ, ಇನ್ನೂ ಸರದಿಯಲ್ಲಿದೆ.

ನಮ್ಮ ಬೀದಿಯ ತಳ್ಳುಗಾಡಿಯವನು ಹೆದರಿ ಬಣ್ಣ ಬಿಟ್ಟ. ಗೋಬಿ ಸಹಜವಾಗಿಯೇ ಕಂದಾಯಿತು. ಹತ್ತು ವರ್ಷದಿಂದ ಅಲ್ಲೇ ತಿನ್ನುತ್ತಿರುವ ನಿವೃತ್ತ ಮೇಷ್ಟರು ತಟ್ಟೆಯನ್ನು ಕಣ್ಣ ಹತ್ತಿರ ಹಿಡಿದು, "ಏನಪ್ಪಾ, ಇದಕ್ಕೆ ರಕ್ತಹೀನತೆಯೇ?" ಎಂದರು. ಅವನು ಬಾಣಲೆಯಿಂದ ಕಣ್ಣೆತ್ತದೆ ಹೇಳಿದ: "ಬಣ್ಣ ಹಾಕಿದರೆ ಇಲಾಖೆಯವರು ಬರುತ್ತಾರೆ ಸಾರ್. ಹಾಕದಿದ್ದರೆ ನೀವು ಬರುವುದಿಲ್ಲ." ಮೇಷ್ಟರು ಮರುದಿನ ಬರಲಿಲ್ಲ. ಮುಂದಿನ ತಿರುವಿನ ಗಾಡಿಯಲ್ಲಿ ಗೋಬಿ ಈಗಲೂ ದಾಸವಾಳದಂತೆ ಅರಳುತ್ತದಂತೆ, ಹೇಳಿದವರು ಅವರೇ.

ಈ ಬಣ್ಣಕ್ಕೆ ಮರ್ಯಾದೆಯ ಉದ್ಯೋಗವೂ ಒಂದಿದೆ. ನೀರಿಗೆ ಬೆರೆಸಿಬಿಟ್ಟರೆ ಹರಿವು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಪತ್ತೆ ಹಚ್ಚಬಹುದು. ಜಪ್ತಿ ಮಾಡಿದ ಪುಡಿ ಎಲ್ಲಾದರೂ ಉಳಿದಿದ್ದರೆ ಆ 107 ಮಾದರಿಗಳ ಕಡತಕ್ಕೆ ಒಂದು ಚಿಟಿಕೆ ಸವರಿ ನೋಡಬಹುದು. ನೇರಳಾತೀತ ದೀಪ ಹಿಡಿದರೆ ಯಾವ ಮೇಜಿನ ಮೇಲೆ ಹೊಳೆಯುತ್ತಿದೆ ಎಂಬುದಾದರೂ ಗೊತ್ತಾಗುತ್ತದೆ.