ಸ್ಪಷ್ಟನೆ: ಆ ಮಾತು ಎರಡನೇ ರಿಚರ್ಡನದಲ್ಲ

‘ಕಿರೀಟ ಹೊತ್ತ ತಲೆಗೆ ನೆಮ್ಮದಿಯಿಲ್ಲ’ ಎಂಬ ಮಾತನ್ನು ಶೇಕ್ಸ್‌ಪಿಯರನ ಎರಡನೇ ರಿಚರ್ಡ್ ಪಟ್ಟ ಬಿಡುವಾಗ ಆಡಿದನೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದು ತಪ್ಪು. ಆ ಸಾಲು ‘ನಾಲ್ಕನೇ ಹೆನ್ರಿ’ ನಾಟಕದ ಎರಡನೇ ಭಾಗದ್ದು, 3ನೇ ಅಂಕದ ಮೊದಲ ದೃಶ್ಯದಲ್ಲಿದೆ. ಆಡುವವನು ನಿದ್ದೆ ಬಾರದೆ ಒದ್ದಾಡುವ ಹೆನ್ರಿ. ರಿಚರ್ಡನ ಪಟ್ಟ ಕಿತ್ತುಕೊಂಡವನೇ ಇವನು, ಹಾಗಾಗಿ ಅದಲುಬದಲು ತುಸು ತಮಾಷೆಯದೇ.

ಹೆನ್ರಿಯದು ಕಿರೀಟದ ಭಾರ. ರಿಚರ್ಡನ ಸಂಕಟವೇ ಬೇರೆ: ಕಿರೀಟ ಹೋದರೆ ತಾನು ಯಾರು? ‘ಎರಡನೇ ರಿಚರ್ಡ್’ ನಾಟಕದಲ್ಲಿ, ಐರ್ಲೆಂಡಿನಿಂದ ಮರಳಿ ವೇಲ್ಸಿನ ದಡಕ್ಕಿಳಿದವನಿಗೆ, ಕಾದಿದ್ದ 12,000 ಸೈನಿಕರು ಚದುರಿದ ಸುದ್ದಿ ಸಿಗುತ್ತದೆ. ಮುಖ ಬಿಳಿಚುತ್ತದೆ. ಮರುಗಳಿಗೆ ‘ನನ್ನನ್ನೇ ಮರೆತಿದ್ದೆ, ನಾನು ದೊರೆಯಲ್ಲವೇ?’ ಎಂದು ಸೆಟೆದು ನಿಲ್ಲುತ್ತಾನೆ. ಇನ್ನಷ್ಟು ಕೆಟ್ಟ ಸುದ್ದಿ ಬಂತೋ, ನೆಲದ ಮೇಲೆ ಕೂತು ಸತ್ತ ರಾಜರ ಕಥೆ ಹೇಳೋಣ ಎನ್ನುತ್ತಾನೆ. ಇಷ್ಟೂ ಒಂದೇ ದೃಶ್ಯದಲ್ಲಿ!

ಪಟ್ಟ ಬಿಡಲು ಒಪ್ಪಿಗೆಯೇ ಎಂದು ಕೇಳಿದಾಗಲೂ ಅವನ ಉತ್ತರ ‘ಹೌದು, ಇಲ್ಲ, ಇಲ್ಲ, ಹೌದು’.

ಅದೇ ಸಂದೇಶದಲ್ಲಿ, ಹೆನ್ರಿ ಅಣಕಿಸಲೆಂದು ಅವನ ಮುಂದೆ ಕನ್ನಡಿ ಹಿಡಿಸಿದ ಎಂದೂ ಇದೆ. ನಾಟಕದಲ್ಲಿ ಕನ್ನಡಿ ಕೇಳುವವನು ರಿಚರ್ಡನೇ. ಇಷ್ಟು ದುಃಖ ಉಂಡರೂ ಮುಖದಲ್ಲಿ ಆಳದ ಸುಕ್ಕು ಮೂಡಿಲ್ಲವಲ್ಲ ಎಂದು ಬೆರಗಾಗಿ, ಅದನ್ನು ನೆಲಕ್ಕಪ್ಪಳಿಸುತ್ತಾನೆ. ನನ್ನ ಮಟ್ಟಿಗೆ ನಾಟಕದ ಜೀವ ಅಲ್ಲಿದೆ. 1597ರ ಮೊದಲ ಮುದ್ರಣದಲ್ಲಿ ಈ ಭಾಗ ಇರಲಿಲ್ಲ, ಅಚ್ಚಾಗಿದ್ದು 1608ರಲ್ಲಿ.